38 ವರ್ಷ ಆದಮೇಲೆ ಮೈಸೂರಿಗೆ ವಾಪಸ್ ಬರೋಣ ಅಂತಿದ್ದೇವೆ, ಅನುಭವ ಇದ್ದವರು ಹೇಳಿ

ಮಿಶಿಗನ್ ಮಾವ:

ಎಲ್ಲರಿಗೂ ನಮಸ್ಕಾರ. ನನಗೆ 71, ಹೆಂಡತಿಗೆ 63. 1987ರಲ್ಲಿ ಡೆಟ್ರಾಯಿಟ್ ಪಕ್ಕಕ್ಕೆ ಬಂದವರು ಇಲ್ಲೇ ಇದ್ದೇವೆ. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ ಮಾಡಿ ನಾಲ್ಕು ವರ್ಷದ ಹಿಂದೆ ರಿಟೈರ್ ಆದೆ. ಇಬ್ಬರೂ ಅಮೆರಿಕದ ಪೌರರು, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಇದೆ. ಮಗ ಸಿಯಾಟಲ್‌ನಲ್ಲಿ, ಮಗಳು ಅಟ್ಲಾಂಟಾದಲ್ಲಿ. ನಮ್ಮನ್ನು ನೋಡಲು ಇಬ್ಬರೂ ವಿಮಾನವನ್ನೇ ಹತ್ತಬೇಕು, ಹಾಗಾಗಿ ನಾವು ಮಿಶಿಗನ್‌ನಲ್ಲಿದ್ದರೂ ಮೈಸೂರಿನಲ್ಲಿದ್ದರೂ ಅವರಿಗೆ ಅಷ್ಟೇನೂ ವ್ಯತ್ಯಾಸ ಇಲ್ಲ ಅನ್ನುವುದು ನನ್ನ ಲೆಕ್ಕ.

ಹೋದ ಫೆಬ್ರವರಿಯಲ್ಲಿ ಮನೆ ಮುಂದಿನ ಹಿಮ ಎತ್ತಲು ಹೋಗಿ ಜಾರಿ ಬಿದ್ದೆ. ಮೂಳೆ ಮುರಿಯಲಿಲ್ಲ, ಪುಣ್ಯ. ಆದರೆ ಹತ್ತು ನಿಮಿಷ ಅಲ್ಲೇ ಅಂಗಾತ ಬಿದ್ದುಕೊಂಡು ಆಕಾಶ ನೋಡಿದೆ, ಆ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಸರಸ್ವತಿಪುರಂನ ನಮ್ಮ ಅಪ್ಪನ ಮನೆ ಮುಂದೆ ಬಿದ್ದಿದ್ದರೆ ಅಷ್ಟು ಹೊತ್ತಿಗೆ ಹತ್ತು ಜನ ಸೇರಿ, ನಾಲ್ಕು ಜನ ಎತ್ತಿ, ಮಿಕ್ಕ ಆರು ಜನ ‘ಈ ವಯಸ್ಸಿನಲ್ಲಿ ನಿಮಗೆ ಇದೆಲ್ಲ ಯಾಕೆ’ ಅಂತ ಬೈಯುತ್ತಿದ್ದರು. ಅವತ್ತಿನಿಂದ ತಲೆಯಲ್ಲಿ ಇದೇ ಯೋಚನೆ.

ಆ ಮನೆ ಈಗ ನನ್ನ ಹೆಸರಿಗೆ ಬಂದಿದೆ. ಇಲ್ಲಿನ ಮನೆ ಮಾರಿ ಬಂದುಬಿಡೋಣ, ಹುಣಸೂರು ಕಡೆ ಎರಡು ಎಕರೆ ತೋಟ ಮಾಡೋಣ ಅಂತ ಆಸೆ. ಸೋಷಿಯಲ್ ಸೆಕ್ಯೂರಿಟಿ (ಅಮೆರಿಕ ಸರ್ಕಾರದ ಪೆನ್ಶನ್) ಬರುತ್ತದೆ, 401ಕೆ ಅನ್ನುವ ನಿವೃತ್ತಿ ಉಳಿತಾಯ ಇದೆ, ದುಡ್ಡಿನ ಚಿಂತೆ ಜಾಸ್ತಿ ಇಲ್ಲ. ಆಸ್ಪತ್ರೆ, ಟ್ಯಾಕ್ಸ್, ಜನ, ಇವುಗಳ ಬಗ್ಗೆ ಬಂದು ನೆಲೆಸಿದವರು ನಿಜ ಹೇಳಿ. ‘ಬನ್ನಿ ಸಾರ್, ತಾಯ್ನಾಡು ಕರೆಯುತ್ತಿದೆ’ ಅನ್ನುವವರು ದಯವಿಟ್ಟು ಬೇಡ.

ಲೆಕ್ಕದ ಪುಸ್ತಕ:

ಸಾರ್, ನಾನು ಸಿಎ ಅಲ್ಲ. 2017ರಲ್ಲಿ ನ್ಯೂಜೆರ್ಸಿಯಿಂದ ಬೆಂಗಳೂರಿಗೆ ಬಂದು ಪೆಟ್ಟು ತಿಂದು ಕಲಿತವನು. ಮೊದಲು ಒಳ್ಳೆಯ ಸುದ್ದಿ. ಬಂದ ತಕ್ಷಣ ಇಲ್ಲಿನ ಟ್ಯಾಕ್ಸ್‌ನವರು ನಿಮ್ಮ ಅಮೆರಿಕದ ಆದಾಯಕ್ಕೆ ಕೈ ಹಾಕುವುದಿಲ್ಲ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿ ಆಗಿದ್ದರೆ, ಅಥವಾ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿ ಕಳೆದದ್ದು 729 ದಿನ ದಾಟದಿದ್ದರೆ, ಆರ್‌ಎನ್‌ಓಆರ್ ಅನ್ನುವ, ಅನಿವಾಸಿಗೂ ಪೂರ್ತಿ ನಿವಾಸಿಗೂ ನಡುವಿನ ಸ್ಥಿತಿ ಸಿಗುತ್ತದೆ. ಸಾಮಾನ್ಯವಾಗಿ ಎರಡು ಮೂರು ವರ್ಷ ಸಿಗುತ್ತದೆ. ಅಲ್ಲಿನ ಷೇರು, ಮನೆ ಏನಾದರೂ ಮಾರುವುದಿದ್ದರೆ ಅಷ್ಟರೊಳಗೆ ಮಾರಿ ಮುಗಿಸಿ. ಯಾವ ತಿಂಗಳು ಬರುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಹಿಂದಿನ ವರ್ಷಗಳಲ್ಲಿ ಜಾಸ್ತಿ ಬಂದು ಹೋಗಿಲ್ಲ ಅಂದರೆ, ಅಕ್ಟೋಬರ್ ಮಧ್ಯದ ನಂತರ ಬಂದವರು ಆ ಮಾರ್ಚ್‌ವರೆಗೆ 182 ದಿನ ಮುಟ್ಟುವುದಿಲ್ಲ, ಆ ವರ್ಷ ಅನಿವಾಸಿಯಾಗಿಯೇ ಉಳಿಯಬಹುದು.

ಸೋಷಿಯಲ್ ಸೆಕ್ಯೂರಿಟಿಗೆ ಎರಡು ದೇಶಗಳ ಒಪ್ಪಂದದಂತೆ ಟ್ಯಾಕ್ಸ್ ಅಮೆರಿಕದಲ್ಲಿ ಮಾತ್ರ. 401ಕೆ ಕಥೆ ಬೇರೆ. 2021ರಲ್ಲಿ ಇಲ್ಲಿ ತಂದ ಒಂದು ನಿಯಮದಿಂದಾಗಿ ಒಳಗೆ ಬೆಳೆಯುವ ಹಣಕ್ಕೆ ವರ್ಷ ವರ್ಷ ಟ್ಯಾಕ್ಸ್ ಕಟ್ಟದೆ, ತೆಗೆದಾಗ ಕಟ್ಟಬಹುದು. ಅದಕ್ಕೆ ಫಾರ್ಮ್ ತುಂಬಬೇಕು, ಮರೆತರೆ ಕೆಲಸ ಕೆಟ್ಟಿತು. ಇನ್ನು ಅಮೆರಿಕದ ಪೌರರು ಚಂದ್ರಲೋಕದಲ್ಲಿದ್ದರೂ ಅಲ್ಲಿ ರಿಟರ್ನ್ ಹಾಕಬೇಕು. ಇಲ್ಲಿನ ಬ್ಯಾಂಕ್ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್, ಅಂದರೆ ವಿದೇಶಿ ಖಾತೆಗಳ ವರದಿ, ಅಮೆರಿಕಕ್ಕೆ ಹಾಕಬೇಕು. ಬ್ಯಾಂಕಿನ ಹುಡುಗ ಎಷ್ಟೇ ಸಿಹಿಯಾಗಿ ಮಾತಾಡಲಿ, ಇಲ್ಲಿನ ಮ್ಯೂಚುವಲ್ ಫಂಡ್ ಮುಟ್ಟಬೇಡಿ. ಅಮೆರಿಕದವರ ಕಣ್ಣಿಗೆ ಅದು ಪಿಎಫ್‌ಐಸಿ, ಅಂದರೆ ಬಿಗಿ ಟ್ಯಾಕ್ಸ್ ನಿಯಮ ಇರುವ ವಿದೇಶಿ ಹೂಡಿಕೆ. ಬರುವ ಲಾಭಕ್ಕಿಂತ ಲೆಕ್ಕ ಬರೆಸುವ ಖರ್ಚೇ ಜಾಸ್ತಿ. ಬಂದು ನೆಲೆಸಿದ ಮೇಲೆ ಅನಿವಾಸಿಗಳಿಗಿರುವ ಎನ್‌ಆರ್‌ಇ ಖಾತೆಯನ್ನು ರೆಸಿಡೆಂಟ್ ಖಾತೆ ಮಾಡಿಸಬೇಕು, ಡಾಲರ್‌ನಲ್ಲೇ ಇಡಬೇಕೆಂದರೆ ಆರ್‌ಎಫ್‌ಸಿ ಅನ್ನುವ ವಿದೇಶಿ ಹಣದ ಖಾತೆ ತೆರೆಯಿರಿ.

ಮತ್ತೊಂದು, ಸಣ್ಣದು, ನನಗೆ ಯಾರೂ ಹೇಳಿರಲಿಲ್ಲ. ಅಲ್ಲಿನ ಫೋನ್ ನಂಬರ್ ಬಿಡಬೇಡಿ. ತಿಂಗಳಿಗೆ ಹದಿನೈದು ಡಾಲರ್ ಉಳಿಸೋಣ ಅಂತ ನಾನು ಬಿಟ್ಟೆ. ಒಟಿಪಿ ಎಲ್ಲ ಅದಕ್ಕೇ ಹೋಗುತ್ತಿತ್ತು. ನನ್ನ ದುಡ್ಡನ್ನು ನಾನು ಕಣ್ಣಿಂದ ನೋಡಲು ಐದು ತಿಂಗಳು ಹಿಡಿಯಿತು.

ಎರಡು ಊರಿನವ:

ನಾವು ಬೆಂಗಳೂರಿಗೆ ಬಂದು 14 ತಿಂಗಳಿಗೆ ಡಲ್ಲಾಸ್‌ಗೆ ವಾಪಸ್ ಹೋದವರು. ಇಂಥವರು ಬರೆಯುವುದು ಕಡಿಮೆ, ಮುಖ ಇರುವುದಿಲ್ಲ ಅಲ್ವಾ.

ಮೊದಲು ಆಸ್ಪತ್ರೆ ವಿಷಯ. ಮೆಡಿಕೇರ್, ಅಂದರೆ 65 ದಾಟಿದವರಿಗೆ ಅಮೆರಿಕ ಸರ್ಕಾರದ ಆರೋಗ್ಯ ವಿಮೆ, ಭಾರತದಲ್ಲಿ ಒಂದು ಕಾಸೂ ಕೊಡುವುದಿಲ್ಲ. ಹಾಗಂತ ಅದರಲ್ಲಿ ಡಾಕ್ಟರ್ ಖರ್ಚು ನೋಡಿಕೊಳ್ಳುವ ಪಾರ್ಟ್ ಬಿ ಬಿಟ್ಟರೆ 2025ರ ಲೆಕ್ಕದಲ್ಲಿ ತಿಂಗಳಿಗೆ ಒಬ್ಬರಿಗೆ 185 ಡಾಲರ್ ಉಳಿಯುತ್ತದೆ, ಆಸೆ ಆಗುತ್ತದೆ. ಆದರೆ ಮತ್ತೆ ಸೇರುವಾಗ ಬಿಟ್ಟಿದ್ದ ಒಂದೊಂದು ಪೂರ್ತಿ ವರ್ಷಕ್ಕೂ 10% ದಂಡ, ಅದೂ ಬದುಕಿರುವವರೆಗೆ. ಸೇರಿಸಿಕೊಳ್ಳುವುದೂ ಜನವರಿಯಿಂದ ಮಾರ್ಚ್‌ವರೆಗೆ ಮಾತ್ರ. ನಾವು ಬಿಟ್ಟಿರಲಿಲ್ಲ, ಆ ಇಡೀ ಸಾಹಸದಲ್ಲಿ ನಾವು ಮಾಡಿದ ಒಂದೇ ಜಾಣ ಕೆಲಸ ಅದು. ನಿಮ್ಮ ಮನೆಯವರಿಗೆ ಇನ್ನೂ 63. 65 ತುಂಬುವ ಆಸುಪಾಸಿನ ಏಳು ತಿಂಗಳಲ್ಲಿ ಅವರು ಹೆಸರು ಬರೆಸಬೇಕು. ಆಗ ನೀವು ಹುಣಸೂರಿನಲ್ಲಿ ತೆಂಗಿನ ಸಸಿ ನೆಡುತ್ತಾ ಮರೆತಿರಿ ಅಂದರೆ ಆ ದಂಡ ಅವರಿಗೂ ಶುರು.

ಭಾರತದಲ್ಲಿ ಇನ್ಶೂರೆನ್ಸ್ ತೆಗೆದುಕೊಳ್ಳಲು 2024ರಿಂದ ವಯಸ್ಸಿನ ಮಿತಿ ಇಲ್ಲ. ಆದರೆ ಮೊದಲೇ ಇರುವ ಬಿಪಿ, ಶುಗರ್, ಸ್ಟೆಂಟ್ ಇವಕ್ಕೆ ಮೂರು ವರ್ಷದವರೆಗೆ ಕಾಯಿಸಬಹುದು. 71ರ ವಯಸ್ಸಿನಲ್ಲಿ ಇನ್ನೇನು ಕಾಯಿಲೆ ಹೊಸದಾಗಿ ಬರಬೇಕು, ಎಲ್ಲ ಮೊದಲೇ ಇರುವುದೇ. ಸರ್ಕಾರ 70 ದಾಟಿದವರಿಗೆ 5 ಲಕ್ಷದ ಆಯುಷ್ಮಾನ್ ಕಾರ್ಡ್ ಕೊಡುತ್ತದೆ, ಅದು ಭಾರತದ ಪೌರರಿಗೆ. ನಾವು ಓಸಿಐ, ನಮಗಿಲ್ಲ. ಹಾಗಾಗಿ ಮೂರು ವರ್ಷದ ಆಸ್ಪತ್ರೆ ಖರ್ಚು ಕೈಯಲ್ಲೇ ಇಟ್ಟುಕೊಂಡು ಬನ್ನಿ. ಡಾಕ್ಟರುಗಳ ಬಗ್ಗೆ ನನ್ನದು ಒಂದೂ ದೂರಿಲ್ಲ. ಅಲ್ಲಿ ಸ್ಪೆಷಲಿಸ್ಟ್ ನೋಡಲು ಎರಡು ತಿಂಗಳು ಕಾದವನಿಗೆ ಇಲ್ಲಿ ಅದೇ ಸಂಜೆ ಸಿಕ್ಕರು.

ವಾಪಸ್ ಹೋಗಿದ್ದಕ್ಕೆ ಕಾರಣ ಅದಲ್ಲ. ಮನೆಯಿಂದ ಪಾರ್ಕ್‌ಗೆ 400 ಮೀಟರ್. ಆ 400 ಮೀಟರ್ ನಡೆಯಲು ನನ್ನ ಹೆಂಡತಿಯ ಮಂಡಿಗೆ ಆಗಲಿಲ್ಲ. ಫುಟ್‌ಪಾತ್ ಮೇಲೆ ಹತ್ತು, ಇಳಿ, ಬೈಕಿಗೆ ದಾರಿ ಬಿಡು, ಕಲ್ಲು ಚಪ್ಪಡಿ ಅಲ್ಲಾಡುತ್ತದೆ. ಮನೆಯೊಳಗೇ ಕೂತಳು. ಇನ್ನು ನನ್ನ 1974ರ ಬ್ಯಾಚಿನ ಗೆಳೆಯರು, ಮೊದಲ ತಿಂಗಳು ದಿನಾ ಒಬ್ಬರಾದರೂ ಬಂದರು, ನಾಲ್ಕನೇ ತಿಂಗಳಿಗೆ ಯಾರೂ ಇಲ್ಲ. ಅವರ ತಪ್ಪಲ್ಲ. ಅವರಿಗೆ ಮೊಮ್ಮಕ್ಕಳು, ಔಷಧಿ, ಅವರದೇ ಮಾತು. ನನ್ನ ಬಳಿ ಇದ್ದದ್ದು 1980ರವರೆಗಿನ ಮಾತು, ಅದು ಒಂದು ತಿಂಗಳಲ್ಲಿ ಖಾಲಿ ಆಯಿತು.

ಅರಳಿಕಟ್ಟೆ:

ನಾನು ಎಲ್ಲಿಗೂ ಹೋಗದ ಮೈಸೂರಿನವನು, ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು. ನಮ್ಮ ರಸ್ತೆಗೆ ಮೂರು ಮನೆ ‘ಅಮೆರಿಕದವರು’ ಬಂದಿದ್ದಾರೆ. ಒಳ್ಳೆಯವರೇ. ಆದರೆ ಕೆಲಸದವರಿಗೆ ನಾವು ಕೊಡುವುದರ ಎರಡರಷ್ಟು ಕೊಟ್ಟು, ನಮ್ಮ ಮನೆಯ ಕೆಲಸದವಳು ಈಗ ಅವರ ಮನೆಯಲ್ಲಿದ್ದಾಳೆ. ಅವಳಿಗೆ ಒಳ್ಳೆಯದಾಯಿತು, ಸರಿ. ಆಮೇಲೆ ಬೆಳಗಾದರೆ ಕಸದ ಗಾಡಿ, ನಾಯಿ, ದೇವಸ್ಥಾನದ ಮೈಕು ಎಲ್ಲದಕ್ಕೂ ‘ನಮ್ಮಲ್ಲಿ ಹೀಗಿಲ್ಲ’. ಸಾರ್, ನಿಮ್ಮಲ್ಲಿ ಅಂದರೆ ಎಲ್ಲಿ? ಅದನ್ನು ಮೊದಲು ತೀರ್ಮಾನ ಮಾಡಿಕೊಂಡು ಬನ್ನಿ ಅಷ್ಟೇ.

ತೋಟದ ಆಸೆ ಬಿಡಿ. 2020ರಲ್ಲಿ ಇಲ್ಲಿನ ಭೂಸುಧಾರಣಾ ಕಾಯ್ದೆ ತಿದ್ದಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ ಮಾಡಿದರು, ಅದನ್ನು ಓದಿ ಹೊರಗಿನವರೆಲ್ಲ ಖುಷಿಪಟ್ಟರು. ಓಸಿಐನವರನ್ನು ತಡೆಯುವುದು ಅದಲ್ಲ, ಫೆಮಾ ಅನ್ನುವ ವಿದೇಶಿ ವಿನಿಮಯ ಕಾಯ್ದೆ. ಪಿತ್ರಾರ್ಜಿತವಾಗಿ ಬಂದ ಜಮೀನು ಇಟ್ಟುಕೊಳ್ಳಬಹುದು, ಹೊಸದಾಗಿ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳಲು ಆಗುವುದಿಲ್ಲ. ‘ನನ್ನ ಹೆಸರಲ್ಲಿ ಮಾಡಿಸೋಣ ಅಣ್ಣ, ಆಮೇಲೆ ನೋಡಿಕೊಳ್ಳೋಣ’ ಅಂತ ಯಾರಾದರೂ ಬಂದೇ ಬರುತ್ತಾರೆ. ಅವರಿಗೆ ಕಾಫಿ ಕೊಟ್ಟು ಕಳಿಸಿ.

ಕಾಪು ಕಡಲು:

ಇಲ್ಲಿ ಓದಿ ನಗು ಬಂತು ಮಾರಾಯ್ರೆ. ‘ಬರೋಣವೋ ಬೇಡವೋ’ ಅಂತ ಕೂತು ಯೋಚಿಸುವುದೇ ನಮಗೆ ದೊಡ್ಡ ಐಷಾರಾಮ. ನಾನು ಅಬುಧಾಬಿಯಲ್ಲಿ 29 ವರ್ಷ. ಗಲ್ಫ್‌ನಲ್ಲಿ ಕೆಲಸ ಇದ್ದರೆ ವೀಸಾ, ವೀಸಾ ಇದ್ದರೆ ನೀವು. ರಿಟೈರ್ ಆದವರಿಗೂ ಈಗ ಐದು ವರ್ಷದ ವೀಸಾ ಇದೆ, ಅದು ದೊಡ್ಡ ಆಸ್ತಿ, ದೊಡ್ಡ ಆದಾಯ ಇರುವವರಿಗೆ. ನಮ್ಮಂತಹ ಸ್ಟೋರ್‌ಕೀಪರ್‌ಗೆ ಅಲ್ಲ. ಪೆನ್ಶನ್ ಅಂತ ಇಲ್ಲ. ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲೆ 30 ದಿನದ್ದು, ಒಟ್ಟು ಎರಡು ವರ್ಷದ ಸಂಬಳ ಮೀರುವ ಹಾಗಿಲ್ಲ. 29 ವರ್ಷಕ್ಕೆ ಲೆಕ್ಕ ಹಾಕಿ ನೋಡಿ, ಅದು ಮೀರುತ್ತದೆ. ಮೇಲಿನದ್ದು ಗೋವಿಂದ.

ಊರಿನಲ್ಲಿ ಐದು ಕೋಣೆಯ ಮನೆ ಕಟ್ಟಿಸಿದೆ. ಈಗ ಇರುವುದು ನಾವಿಬ್ಬರು. ಮಳೆಗಾಲದಲ್ಲಿ ಮೂರು ಕೋಣೆಗೆ ಬೂಸ್ಟು ಹಿಡಿಯುತ್ತದೆ. ವರ್ಷಕ್ಕೆ ಒಂದು ತಿಂಗಳ ರಜೆಗೆ ಬರುತ್ತಿದ್ದ ಗಂಡ ದಿನವಿಡೀ ಮನೆಯಲ್ಲೇ ಇದ್ದರೆ ಹೆಂಡತಿಗೆ ಎಷ್ಟು ಕಷ್ಟ ಅಂತ ನನಗೆ ಬಂದ ಮೇಲೇ ಗೊತ್ತಾದದ್ದು. ಅವಳು 29 ವರ್ಷ ಒಬ್ಬಳೇ ಯಜಮಾನಿಕೆ ಮಾಡಿದವಳು. ನಾನು ಬಂದು ನೀರಿನ ಪಂಪು ಯಾವಾಗ ಹಾಕಬೇಕು ಅಂತ ಹೇಳಲು ಹೋಗಿ ಬೈಸಿಕೊಂಡೆ.

ಲೆಸ್ಟರ್ ರಾಯರು:

ಇಂಗ್ಲೆಂಡಿನಿಂದ ಬರುವವರಿಗೆ ಒಂದೇ ಸಾಲು. ಭಾರತಕ್ಕೆ ಬಂದು ನೆಲೆಸಿದರೆ ಬ್ರಿಟನ್ನಿನ ಸ್ಟೇಟ್ ಪೆನ್ಶನ್ ಬಂದ ದಿನ ಎಷ್ಟಿತ್ತೋ ಅಷ್ಟಕ್ಕೇ ನಿಲ್ಲುತ್ತದೆ, ವರ್ಷ ವರ್ಷದ ಏರಿಕೆ ಸಿಗುವುದಿಲ್ಲ. ಅಮೆರಿಕದಲ್ಲಿ ನೆಲೆಸಿದರೆ ಸಿಗುತ್ತದೆ, ಭಾರತದಲ್ಲಿ ಇಲ್ಲ. ಅದಕ್ಕೇ ನಾನು ಇನ್ನೂ ಲೆಸ್ಟರ್‌ನಲ್ಲಿ ಮಳೆ ನೋಡುತ್ತಾ ಕೂತಿದ್ದೇನೆ.

ಮಿಶಿಗನ್ ಮಾವ:

ನಾನು ಇವರ ಹೆಂಡತಿ. ಐಪ್ಯಾಡ್ ಅಡುಗೆಮನೆಯಲ್ಲಿ ಬಿಟ್ಟು ವಾಕಿಂಗ್ ಹೋಗಿದ್ದಾರೆ, ಅದರಿಂದಲೇ ಬರೆಯುತ್ತಿದ್ದೇನೆ. ಎಲ್ಲ ಓದಿದೆ. ಮೇಲೆ ‘ಅಂತಿದ್ದೇವೆ’ ಅಂತ ಹಾಕಿದ್ದಾರೆ. ನಾನು ಅಂದಿಲ್ಲ.

ಇವರ ಊರು ಮೈಸೂರು. ನನ್ನ ಊರು ತೀರ್ಥಹಳ್ಳಿ. ಮದುವೆಯಾದ ಮೂರನೇ ತಿಂಗಳಿಗೆ ವಿಮಾನ ಹತ್ತಿದೆ. ಆ ಸರಸ್ವತಿಪುರಂ ಮನೆಯಲ್ಲಿ ನಾನು ಸೊಸೆಯಾಗಿ ಇದ್ದದ್ದು ಹನ್ನೊಂದು ವಾರ, ಆಮೇಲೆ ರಜೆಗೆ ಹೋದಾಗ ಅತಿಥಿಯಾಗಿ. ಇವರು ‘ವಾಪಸ್’ ಅನ್ನುತ್ತಾರೆ, ನನಗೆ ಅದು ವಾಪಸ್ ಹೇಗಾಗುತ್ತದೆ? ಅಮೆರಿಕಕ್ಕೆ ಬರುವಾಗಲೂ ನನ್ನನ್ನು ಯಾರೂ ಕೇಳಲಿಲ್ಲ. ಆಗ ನನಗೆ 25, ಕೇಳುವ ಪದ್ಧತಿಯೂ ಇರಲಿಲ್ಲ. ಬಂದ ಮೊದಲ ಎರಡು ವರ್ಷ ಕಿಟಕಿ ಪಕ್ಕ ಕೂತು ಅತ್ತಿದ್ದೇನೆ. ಆಮೇಲೆ ಕಾರು ಕಲಿತೆ. ಈಗ ಹಿಮ ಬೀಳುತ್ತಿದ್ದರೂ ಕ್ಯಾಂಟನ್‌ನಿಂದ ಟ್ರಾಯ್‌ವರೆಗೆ ಒಬ್ಬಳೇ ಓಡಿಸಿಕೊಂಡು ದೇವಸ್ಥಾನಕ್ಕೆ ಹೋಗುತ್ತೇನೆ. ಶನಿವಾರ ಲೈಬ್ರರಿಯಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ, 22 ವರ್ಷವಾಯಿತು. ನನ್ನ ಹತ್ತಿರ ಕಾಗುಣಿತ ಕಲಿತ ಹುಡುಗಿ ಈಗ ನನ್ನ ಕಣ್ಣಿನ ಡಾಕ್ಟರ್. ಈ ಊರನ್ನು ನಾನು ಕಷ್ಟಪಟ್ಟು ನನ್ನದು ಮಾಡಿಕೊಂಡಿದ್ದೇನೆ. ಇವರು ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೋಗಿ ಸಂಜೆ ಬರುತ್ತಿದ್ದರು, ಇವರಿಗೆ ಇಲ್ಲಿ ಯಾರೂ ಇಲ್ಲ, ಅದು ನಿಜ. ನನಗೆ ಇದ್ದಾರೆ.

ಇವರು ಬಿದ್ದ ದಿನ ನಾನು ಬಟ್ಟೆ ಒಗೆಯುವ ಮೆಷಿನ್ ಸದ್ದಿನಲ್ಲಿ ಕೇಳಿಸಿಕೊಳ್ಳಲಿಲ್ಲ. ಅದು ನನಗೂ ರಾತ್ರಿ ನೆನಪಾಗುತ್ತದೆ. ಭಯ ಇಬ್ಬರಿಗೂ ಇದೆ. ಬಂದರಲ್ಲ, ನಿಲ್ಲಿಸುತ್ತೇನೆ.

ಕುವೆಂಪುನಗರ ಅಕ್ಕ:

ಮೇಲೆ ಬರೆದ ತಂಗಿಗೆ. ನಾವು 2015ರಲ್ಲಿ ನ್ಯೂಜೆರ್ಸಿ ಬಿಟ್ಟು ಮೈಸೂರಿಗೆ ಬಂದೆವು, ನಮ್ಮೆಜಮಾನರ ಆಸೆ. 2020ರಲ್ಲಿ ಅವರು ಹೋದರು. ಬರುವಾಗ ಹಾಕಿದ ಲೆಕ್ಕವೆಲ್ಲ ಇಬ್ಬರಿಗೆ. ಮನೆ ಇಬ್ಬರಿಗೆ, ಕಾರು ಅವರು ಓಡಿಸುವುದು, ಬ್ಯಾಂಕು ಅವರ ಫೋನಿನಲ್ಲಿ. ಒಬ್ಬರೇ ಉಳಿದರೆ ಯಾರು ಉಳಿಯುತ್ತಾರೆ, ಅವರು ಎಲ್ಲಿರುತ್ತಾರೆ ಅಂತ ನಾವು ಒಂದು ಸಲವೂ ಮಾತಾಡಲಿಲ್ಲ. ಅಪಶಕುನ ಅಂತ.

ಎಂಟು ವರ್ಷ ಚಿಕ್ಕವರು ನೀವು. ನೇರವಾಗಿ ಹೇಳುತ್ತೇನೆ, ಕ್ಷಮಿಸಿ, ಉಳಿಯುವವರು ಹೆಚ್ಚು ಕಡಿಮೆ ನೀವೇ. ಹಾಗಾಗಿ ಊರು ಯಾವುದು ಅನ್ನುವುದನ್ನು ನಿಮ್ಮೆಜಮಾನರ ಸೊಂಟ ನೋಡಿ ತೀರ್ಮಾನಿಸಬೇಡಿ.

ನನಗೆ ಇಲ್ಲಿ ಕೆಟ್ಟದಾಗಲಿಲ್ಲ. ಬೆಳಗ್ಗೆ ಹಾಲು, ಹೂವು, ಪೇಪರು, ತರಕಾರಿ ಗಾಡಿ, ಕೆಲಸದವಳು, ಹತ್ತು ಗಂಟೆಯೊಳಗೆ ಐದು ಸಲ ಬಾಗಿಲು ತೆಗೆಯುತ್ತೇನೆ. ನ್ಯೂಜೆರ್ಸಿಯಲ್ಲಿ ಒಬ್ಬಳೇ ಇದ್ದಿದ್ದರೆ ಹತ್ತು ದಿನ ಬೆಲ್ ಆಗುತ್ತಿರಲಿಲ್ಲ. ಆದರೆ ಅಲ್ಲಿ ನಾನು ಯಾರನ್ನೂ ಕೇಳದೆ ಕಾರು ತೆಗೆದು ಹೋಗುತ್ತಿದ್ದವಳು, ಇಲ್ಲಿ ಔಷಧಿ ಅಂಗಡಿಗೂ ಆಟೋ ಕಾಯುತ್ತೇನೆ. ಮೈದುನ ಒಳ್ಳೆಯವನು, ಆದರೂ ಮನೆ ಇ-ಖಾತಾ ಮಾಡಿಸುವಾಗ ‘ಅತ್ತಿಗೆ, ನಿಮಗೇಕೆ ಇದೆಲ್ಲ, ನಾನು ನೋಡಿಕೊಳ್ಳುತ್ತೇನೆ’ ಅಂದ. ನ್ಯೂಜೆರ್ಸಿಯಲ್ಲಿ ಹದಿನೆಂಟು ವರ್ಷ ಒಂದು ಆಫೀಸಿನ ಲೆಕ್ಕಪತ್ರ ನೋಡಿಕೊಂಡವಳು ನಾನು!

ಒಂದು ಉಪಯೋಗದ ಮಾತು. ನಮ್ಮೆಜಮಾನರ ಸೋಷಿಯಲ್ ಸೆಕ್ಯೂರಿಟಿ ನನ್ನದಕ್ಕಿಂತ ಜಾಸ್ತಿ ಇತ್ತು. ಅವರು ಹೋದ ಮೇಲೆ ಆ ದೊಡ್ಡ ಮೊತ್ತ ನನಗೆ ಬರುತ್ತದೆ, ನನ್ನದು ನಿಲ್ಲುತ್ತದೆ. ಆದರೆ ತಾನಾಗಿ ಮನೆಗೆ ಬರುವುದಿಲ್ಲ, ಸಾವಿನ ಸುದ್ದಿಯನ್ನು ಅವರಿಗೆ ತಿಳಿಸಿ ನಾವೇ ಕೇಳಬೇಕು. ಅವರ ಪಾಸ್‌ವರ್ಡ್ ಒಂದೂ ನನಗೆ ಗೊತ್ತಿರಲಿಲ್ಲ. ಇವತ್ತೇ ಒಂದು ನೋಟ್‌ಬುಕ್‌ನಲ್ಲಿ ಬರೆಸಿಕೊಳ್ಳಿ. ವಿಲ್ ಎರಡು ಕಡೆಯದ್ದೂ ಬೇರೆ ಬೇರೆ ಮಾಡಿಸಿ.

ದೂರದ ಮಗ:

ಮಾವ, ನಮ್ಮಪ್ಪ ಅಮ್ಮ ಶಿವಮೊಗ್ಗಕ್ಕೆ ವಾಪಸ್ ಹೋಗಿ ಆರು ವರ್ಷ. ನಾನೂ ನಿಮ್ಮ ಮಗನ ಹಾಗೆ ಸಿಯಾಟಲ್‌ನಲ್ಲೇ ಇದ್ದೇನೆ. ಮಿಶಿಗನ್ ಆದರೂ ಮೈಸೂರಾದರೂ ಒಂದೇ ಅಂದಿರಲ್ಲ, ಒಂದೇ ಅಲ್ಲ. ಡೆಟ್ರಾಯಿಟ್‌ಗೆ ನಿಮ್ಮ ಮಗ ಶುಕ್ರವಾರ ಮಧ್ಯಾಹ್ನ ಹೊರಟರೆ ರಾತ್ರಿ ನಿಮ್ಮ ಮನೆಯಲ್ಲಿರುತ್ತಾನೆ. ಶಿವಮೊಗ್ಗಕ್ಕೆ ನನಗೆ ಒಂದೂವರೆ ದಿನ. ಹನ್ನೆರಡೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಇನ್ನೂ ಒಂದು ಗಂಟೆ ಜಾಸ್ತಿ. ರಾತ್ರಿ ಎರಡಕ್ಕೆ ಫೋನ್ ಅಲ್ಲಾಡಿದರೆ ಈಗಲೂ ಎದೆ ಧಸಕ್ ಅನ್ನುತ್ತದೆ, ಸಾಮಾನ್ಯವಾಗಿ ಅದು ಅಮ್ಮ ಕಳಿಸಿದ ಗುಲಾಬಿ ಚಿತ್ರ.

ಅಪ್ಪ ಬಚ್ಚಲಲ್ಲಿ ಬಿದ್ದದ್ದು ನನಗೆ ಗೊತ್ತಾಗಿದ್ದು ಒಂಬತ್ತು ದಿನ ಆದಮೇಲೆ. ‘ನಿನಗೆ ಸುಮ್ನೆ ಯಾಕೆ ಗಾಬರಿ ಅಂತ ಹೇಳಲಿಲ್ಲ’ ಅಂದರು. ಬರುವುದು ನಿಮ್ಮಿಷ್ಟ, ಆದರೆ ಬಿದ್ದರೆ ಹೇಳುತ್ತೇವೆ ಅಂತ ಮಕ್ಕಳಿಗೆ ಮಾತು ಕೊಟ್ಟು ಬನ್ನಿ.

ಎರಡು ಊರಿನವ:

ಈಗ ನಾವು ನವೆಂಬರ್‌ನಿಂದ ಮಾರ್ಚ್‌ವರೆಗೆ ಬಂದು ಹೋಗುತ್ತೇವೆ, ಬಾಡಿಗೆ ಮನೆ. ಎರಡು ಕಡೆ ಖರ್ಚು, ಅದಂತೂ ಹೌದು. ಕಾಲು ಗಟ್ಟಿ ಇರುವ ತನಕ ಇದೇ. ಆಮೇಲಿನದ್ದು ಗೊತ್ತಿಲ್ಲ.

ಮಿಶಿಗನ್ ಮಾವ:

ಈ ಸಲ ನಾನೇ. ಮೂರು ದಿನ ಬರೆಯಲಿಲ್ಲ, ಮನೆಯಲ್ಲಿ ಮಾತುಕತೆ ನಡೆಯುತ್ತಿತ್ತು. ಕೆಲವು ಹೊತ್ತು ಮಾತುಕತೆ, ಕೆಲವು ಹೊತ್ತು ಬರೀ ಕಥೆ.

ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ನಿಮ್ಮನ್ನೆಲ್ಲ ಕೇಳಿದೆ, ಪಕ್ಕದ ಕುರ್ಚಿಯಲ್ಲಿದ್ದವಳನ್ನು ಕೇಳಲಿಲ್ಲ. ಹನ್ನೊಂದು ವಾರ ಅನ್ನುವ ಲೆಕ್ಕ ನನಗೆ ಗೊತ್ತೇ ಇರಲಿಲ್ಲ, ಅವಳು ಅದನ್ನು 38 ವರ್ಷ ಇಟ್ಟುಕೊಂಡಿದ್ದಾಳೆ. ಕುವೆಂಪುನಗರ ಅಕ್ಕ ಬರೆದದ್ದನ್ನು ಇಬ್ಬರೂ ಒಟ್ಟಿಗೆ ಕೂತು ಓದಿದೆವು. ಆಮೇಲೆ ಊಟ ಮಾಡಿದೆವು, ಯಾರೂ ಮಾತಾಡಲಿಲ್ಲ.

ಸದ್ಯಕ್ಕೆ ಹೀಗೆ. ಇಲ್ಲಿನ ಮನೆ ಮಾರುವುದಿಲ್ಲ. ಪಾರ್ಟ್ ಬಿ ಬಿಡುವುದಿಲ್ಲ. ಹಿಮ ಎತ್ತಲು ಪಕ್ಕದ ಮನೆ ಹುಡುಗನಿಗೆ ದುಡ್ಡು ಕೊಡುವುದು, ಇದನ್ನು ಐದು ವರ್ಷದ ಹಿಂದೆಯೇ ಮಾಡಬಹುದಿತ್ತು. ಡಿಸೆಂಬರ್‌ನಲ್ಲಿ ಬಂದು ಮಾರ್ಚ್ ಕೊನೆಗೆ ಹೊರಡುವುದು. ಎರಡು ತಿಂಗಳು ಮೈಸೂರು, ಎರಡು ತಿಂಗಳು ತೀರ್ಥಹಳ್ಳಿಯಲ್ಲಿ ಅವಳ ಅಕ್ಕನ ಮನೆ ಹತ್ತಿರ ಬಾಡಿಗೆಗೆ. ಶನಿವಾರದ ಕ್ಲಾಸ್ ಅಷ್ಟು ದಿನ ಫೋನಿನಲ್ಲಿ, ಇಲ್ಲಿ ಶನಿವಾರ ಬೆಳಿಗ್ಗೆ ಅಂದರೆ ಅಲ್ಲಿ ರಾತ್ರಿ ಊಟದ ಹೊತ್ತು. ಅವಳು ಒಪ್ಪಿಕೊಂಡಿರುವುದು ನಾಲ್ಕು ತಿಂಗಳಿಗೆ ಮಾತ್ರ, ಅದನ್ನು ಸ್ಪಷ್ಟವಾಗಿ ಬರೆಯಲು ಹೇಳಿದ್ದಾಳೆ.

ನೋಟ್‌ಬುಕ್ ತಂದಿದ್ದೇವೆ. ಪಾಸ್‌ವರ್ಡ್ ಅರ್ಧ ನನಗೇ ನೆನಪಿಲ್ಲ.

ಇನ್ನೊಂದು ಪ್ರಶ್ನೆ. ಇಲ್ಲಿನ ಮಿಕ್ಸಿ, ರೈಸ್ ಕುಕ್ಕರ್ ತರಬಹುದಾ?

ಲೆಕ್ಕದ ಪುಸ್ತಕ:

ಬೇಡವೇ ಬೇಡ. ಅದು 120 ವೋಲ್ಟ್, ಇಲ್ಲಿ 230. ಹಾಕಿದ ಮೊದಲ ದಿನವೇ ಹೊಗೆ. ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು ಚಟ್ನಿ ರುಬ್ಬುವವರನ್ನೂ ನೋಡಿದ್ದೇನೆ, ಅದರ ತೂಕ ಮಿಕ್ಸಿಗಿಂತ ಜಾಸ್ತಿ.

ಕುವೆಂಪುನಗರ ಅಕ್ಕ:

ಮಿಕ್ಸಿ ನನ್ನ ಹತ್ತಿರ ಎರಡಿದೆ. ಒಂದು ತೆಗೆದುಕೊಂಡು ಹೋಗಲಿ, ನಾಲ್ಕು ತಿಂಗಳಿಗೆ ಯಾಕೆ ಹೊಸದು. ತಂಗಿ, ಬರುವ ಮುಂಚೆ ಅಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ, ನಿಮ್ಮ ಹೆಸರಲ್ಲೂ.

ಮಿಶಿಗನ್ ಮಾವ:

ಅಕ್ಕಾ, ಇವರ ಹೆಂಡತಿ. ಮಾಡಿಸುತ್ತೇನೆ. ಆದರೆ ಕಾರು ಬೇಡ, ತೀರ್ಥಹಳ್ಳಿಯಲ್ಲಿ ಸ್ಕೂಟಿ ಕಲಿಯಬೇಕು ಅಂತಿದ್ದೇನೆ. ಇವರಿಗೆ ಇನ್ನೂ ಹೇಳಿಲ್ಲ, ಓದಿದಾಗ ಗೊತ್ತಾಗುತ್ತದೆ.